ಬೀಪಿನ ಕೆಳಗಿನ ಮೂರು ಸಾಲು

ಬೈಸಿಕೊಂಡು ಸಂಬಳ ಪಡೆಯುವವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಸ್ ಕಂಡಕ್ಟರುಗಳು, ರೇಷನ್ ಅಂಗಡಿಯವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ನನಗೂ ಅವರಿಗೂ ಇದ್ದ ವ್ಯತ್ಯಾಸ ಇಷ್ಟೇ: ನನಗೆ ಒಳ್ಳೆಯ ಹೆಡ್‌ಫೋನ್ ಕೊಟ್ಟಿದ್ದರು, ಮತ್ತು ಒಂದೇ ಬೈಗುಳವನ್ನು ಹಿಂದೆ ಮುಂದೆ ಎಳೆದು ಹತ್ತಾರು ಸಲ ಕೇಳುವ ಸೌಲಭ್ಯವಿತ್ತು. ಪುಣೆಯ ಸದಾಶಿವ ಪೇಠದಲ್ಲಿ, ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿದ್ದ ಹಾಡಿನ ಕಂಪನಿಯಲ್ಲಿ ನಾನು ಧ್ವನಿ ಸಂಕಲನದ ಕೆಲಸ ಮಾಡಿದೆ. ಕೊನೆಯ ವರ್ಷಗಳಲ್ಲಿ ಆ ಕೆಲಸ ಎಂದರೆ ರ‍್ಯಾಪ್ ಹಾಡುಗಳಲ್ಲಿ ಬರುವ ಹೊಲಸು ಮಾತುಗಳ ಮೇಲೆ ಬೀಪ್ ಹಾಕುವುದು.

ಈಗ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ಕೋರ್ಸು ಮುಗಿಸಿಕೊಂಡು ಬರುತ್ತಾರೆ. ಯಾವ ಮೈಕು ಎಲ್ಲಿಡಬೇಕು, ಕೋಣೆಯ ಗೋಡೆಗೆ ಏನು ಹೊದಿಸಬೇಕು ಎಲ್ಲ ಗೊತ್ತಿರುತ್ತದೆ. ಯಾವ ಮಾತು ಹೊಲಸು, ಯಾವುದು ಅಲ್ಲ ಎಂಬುದನ್ನು ಮಾತ್ರ ಕೋರ್ಸಿನಲ್ಲಿ ಹೇಳಿಕೊಡುವುದಿಲ್ಲ. ಅದನ್ನು ಮಾಲೀಕರು ಹೇಳಿಕೊಡುತ್ತಾರೆ. ನನಗೆ ಹೇಗೆ ಹೇಳಿಕೊಟ್ಟರು ಎಂದು ಅಂಥವರಿಗಾಗಿ ಬರೆದಿಡುತ್ತಿದ್ದೇನೆ. ಬಡ್ತಿ ಸನ್ಮಾನಗಳ ಕಥೆ ಇದರಲ್ಲಿಲ್ಲ. ಬಡ್ತಿ ಬರಲಿಲ್ಲ. ನಿವೃತ್ತಿಯ ದಿನ ಒಂದು ಶಾಲು ಬಂತು, ಅದನ್ನು ಮನೆಯ ಕಂಪ್ಯೂಟರಿಗೆ ಧೂಳು ಕೂಡದಂತೆ ಹೊದಿಸಿದ್ದೇನೆ.

ನಾನು ಬಾಗಲಕೋಟೆಯವಳು, ಮದುವೆಯಾಗಿ ಪುಣೆಗೆ ಬಂದೆ. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಂಪನಿ ಅಭಂಗ, ಆರತಿ, ಸ್ತೋತ್ರಗಳ ಕ್ಯಾಸೆಟ್ಟು ಮಾಡುತ್ತಿತ್ತು. ಮಾಲೀಕರು ಅಣ್ಣಾಸಾಹೇಬರು. ಪ್ರತಿದಿನ ಬಂದವರೇ ಟೇಪಿನ ಯಂತ್ರಕ್ಕೆ ಊದಿನಕಡ್ಡಿ ಹಚ್ಚಿ ಕೈಮುಗಿಯುತ್ತಿದ್ದರು. ಭಜನೆ ಹಾಡುವ ಬುವಾಗಳು ಹಾಡಿನ ನಡುವೆ ಕೆಮ್ಮುತ್ತಿದ್ದರು, ಮೂಗು ಎಳೆಯುತ್ತಿದ್ದರು. ಒಬ್ಬ ಬುವಾ ತಂಬಾಕು ಹಾಕಿಕೊಂಡೇ ಹಾಡುವವರು. ದೇವರ ಒಂದು ಹೆಸರಿಗೂ ಮುಂದಿನ ಹೆಸರಿಗೂ ನಡುವೆ ಅವರು ಡಬ್ಬಿಗೆ ಉಗುಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಬ್ಲೇಡಿನಿಂದ ಟೇಪು ಕತ್ತರಿಸಿ ಉಗುಳನ್ನು ತೆಗೆದು ಎರಡು ತುದಿಗಳನ್ನು ಅಂಟಿಸುತ್ತಿದ್ದೆ. ಕ್ಯಾಸೆಟ್ಟು ಕೇಳಿದವರೆಲ್ಲ ಬುವಾ ಅವರ ಧ್ವನಿ ಎಷ್ಟು ಶುದ್ಧ ಎಂದು ಕೊಂಡಾಡುತ್ತಿದ್ದರು.

ಆಮೇಲೆ ಕ್ಯಾಸೆಟ್ಟು ಹೋಯಿತು, ಸಿಡಿ ಬಂದು ಅದೂ ಹೋಯಿತು, ಭಕ್ತಿಯೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಸಿಗತೊಡಗಿತು. ಕಂಪನಿ ಬಾಗಿಲು ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಅಣ್ಣಾಸಾಹೇಬರು ಯಾವುದೋ ಕಾಲೇಜಿನ ಉತ್ಸವಕ್ಕೆ ಅತಿಥಿಯಾಗಿ ಹೋಗಿ, ಒಬ್ಬ ಹುಡುಗ ವೇದಿಕೆಯ ಮೇಲೆ ಲಯಬದ್ಧವಾಗಿ ಬೈಯುವುದನ್ನೂ ಕೆಳಗೆ ಮೈದಾನ ತುಂಬ ಮಕ್ಕಳು ಅದನ್ನು ಭಜನೆಯಂತೆ ತಿರುಗಿ ಹೇಳುವುದನ್ನೂ ನೋಡಿದರು. ಮರುದಿನ ನನ್ನನ್ನು ಕರೆದು, "ಅಹೋ ಸುಮನ್‌ಬಾಯಿ, ಭಕ್ತಿ ಎಂದರೂ ಭಾವನೆಯೇ, ಸಿಟ್ಟು ಎಂದರೂ ಭಾವನೆಯೇ. ನಮ್ಮದು ಭಾವನೆಗಳ ಕಂಪನಿ" ಎಂದರು. ಊದಿನಕಡ್ಡಿ ಮುಂದುವರಿಯಿತು, ಕೆಳಗಿನ ಯಂತ್ರ ಮಾತ್ರ ಬದಲಾಯಿತು.

ನಮ್ಮಲ್ಲಿಗೆ ಬಂದ ಮೊದಲ ರ‍್ಯಾಪರ್ ತನ್ನನ್ನು ಗಟಾರ್ ಕಿಂಗ್ ಎಂದು ಕರೆದುಕೊಂಡಿದ್ದ. ಚರಂಡಿಯಲ್ಲಿ ಹುಟ್ಟಿದೆ, ಚಾಕು ಹಿಡಿದು ಬೆಳೆದೆ ಎಂಬ ಅರ್ಥದ ಹಾಡು. ಬಂದದ್ದು ಬಿಳಿ ಕಾರಿನಲ್ಲಿ, ಜೊತೆಗೆ ಅವನ ಆಯಿ, ಅಂದರೆ ತಾಯಿ, ಆಕೆಯ ಕೈಯಲ್ಲಿ ಸಾಬೂದಾಣಿ ಖಿಚಡಿಯ ಡಬ್ಬಿ. ಮೈಕಿನ ಮುಂದೆ ನಿಂತವನು ಎಷ್ಟು ಹೊತ್ತಾದರೂ ಶುರು ಮಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಮಾವಶಿ, ಆಯಿಯನ್ನು ಹೊರಗೆ ಕೂರಿಸಿ. ಅವಳು ನೋಡುತ್ತಿದ್ದರೆ ನನಗೆ ಸಮಾಜದ ಮೇಲೆ ಸಿಟ್ಟು ಬರುವುದಿಲ್ಲ" ಎಂದು ಮೆಲ್ಲಗೆ ಹೇಳಿದ. ಆಕೆಯನ್ನು ಹೊರಗೆ ಕೂರಿಸಿದೆ. ಒಳಗೆ ಸಮಾಜದ ತಾಯಿ, ತಂಗಿ, ಅತ್ತಿಗೆ ಯಾರೂ ಉಳಿಯಲಿಲ್ಲ. ಹೊರಗೆ ಆಯಿ ನನ್ನನ್ನು ಕೇಳಿದಳು, ಏನು ಹಾಡುತ್ತಾನೆ ಎಂದು. ಸಮಾಜದ ಬಗ್ಗೆ ಎಂದೆ. "ಚಿಕ್ಕಂದಿನಿಂದ ಅವನದು ಭಾಳ ಕೋಮಲ ಮನಸ್ಸು" ಎಂದು ಕಣ್ಣು ಒರೆಸಿಕೊಂಡಳು.

ಅಂದಿನಿಂದ ನನ್ನ ಹೊಸ ವಿದ್ಯಾಭ್ಯಾಸ ನಡೆಯಿತು. ಮರಾಠಿಯ ಬೈಗುಳ ಹೇಗೂ ಬಸ್ಸಿನಲ್ಲಿ ಕೇಳಿ ಗೊತ್ತಿತ್ತು. ಹಿಂದಿಯವು, ಪಂಜಾಬಿನವು, ದೆಹಲಿಯ ಕಡೆಯವು ಒಂದೊಂದಾಗಿ ಪರಿಚಯವಾದವು. ಅರ್ಥ ಗೊತ್ತಿಲ್ಲದೆ ಬೀಪ್ ಹಾಕಲು ಬರುವುದಿಲ್ಲವಾದ್ದರಿಂದ ಹಾಡಿದವರನ್ನೇ ಕರೆದು ಅರ್ಥ ಕೇಳುತ್ತಿದ್ದೆ. ಮೈಕಿನ ಮುಂದೆ ಸಿಂಹದಂತೆ ನಿಂತವರು ತಾಯಿಯ ವಯಸ್ಸಿನವಳು ಅರ್ಥ ಕೇಳಿದರೆ ಕಿವಿ ಕೆಂಪಾಗಿಸಿಕೊಂಡು ಗೋಡೆ ನೋಡುತ್ತಿದ್ದರು. ಒಂದು ಸಂಗತಿ ಮಾತ್ರ ಬೇಗ ಗೊತ್ತಾಯಿತು. ಇಷ್ಟು ಭಾಷೆಯ, ಇಷ್ಟು ಬಗೆಯ ಬೈಗುಳಗಳಲ್ಲಿ ಗಂಡಸಿನ ಮೇಲಿನ ಸಿಟ್ಟೆಲ್ಲ ಅವನ ಮನೆಯ ಹೆಂಗಸರ ಮೇಲೆಯೇ ಇಳಿಯುತ್ತಿತ್ತು. ಯಾರೂ ಯಾರ ಅಪ್ಪನ ತಂಟೆಗೂ ಹೋಗುತ್ತಿರಲಿಲ್ಲ. ಇದನ್ನು ಅಣ್ಣಾಸಾಹೇಬರಿಗೆ ಹೇಳಿದಾಗ ಪ್ರಾಸ ಸಿಗುವುದಿಲ್ಲವೇನೋ ಎಂದರು.

ಯಾವುದಕ್ಕೆ ಬೀಪ್, ಯಾವುದಕ್ಕಿಲ್ಲ ಎಂದು ನಿರ್ಧರಿಸಲು ಒಂದು ಸಮಿತಿ ಇತ್ತು. ಸದಸ್ಯರು ಇಬ್ಬರು, ಅಣ್ಣಾಸಾಹೇಬರು ಮತ್ತು ನಾನು. ಮತ ಮಾತ್ರ ಒಂದೇ. ಕೆಲವು ನಿಯಮಗಳು ಕ್ರಮೇಣ ತಾವೇ ರೂಪುಗೊಂಡವು. ಹೆಂಗಸರ ಮೇಲಿನ ಬೈಗುಳ ನಡೆಯುತ್ತದೆ, ಮನೆಮಂದಿ ಕೇಳುವ ಆವೃತ್ತಿಯಲ್ಲಿ ಮಾತ್ರ ಬೀಪ್. ಗಾಂಜಾ ನಡೆಯುತ್ತದೆ, ಅದು ಯುವಜನರ ಅನುಭವ. ಬಿಲ್ಡರನನ್ನು ಬೈದರೆ, ಅವನು ಜಾಹೀರಾತು ಕೊಡುವವನೋ ಅಲ್ಲವೋ ನೋಡಬೇಕು. ಪೊಲೀಸರನ್ನು ಬೈದರೆ, ನಮ್ಮ ಮುಂದಿನ ಕಾರ್ಯಕ್ರಮಕ್ಕೆ ಪರವಾನಗಿ ಬಂದಿದೆಯೋ ಇಲ್ಲವೋ ನೋಡಬೇಕು. ಕಾರ್ಪೊರೇಟರರ ಬಗ್ಗೆ ಏನೇ ಇದ್ದರೂ ಅದು ಅಶ್ಲೀಲ.

ಮೊಬೈಲಿನಲ್ಲಿ ಇಂಥ ಹಾಡುಗಳ ಹೆಸರಿನ ಪಕ್ಕ ಚಿಕ್ಕ ಚೌಕದಲ್ಲಿ ಇಂಗ್ಲಿಷಿನ ಇ ಅಕ್ಷರ ಬರುತ್ತದೆ. ಇದರಲ್ಲಿ ಹೊಲಸು ಮಾತಿದೆ, ಎಚ್ಚರ ಎಂದು ಅರ್ಥ. ಹೋಟೆಲಿನ ಮೆನುವಿನಲ್ಲಿ ಖಾರದ ತಿನಿಸಿನ ಪಕ್ಕ ಮೆಣಸಿನಕಾಯಿ ಹಾಕುತ್ತಾರಲ್ಲ, ಹಾಗೆ. ಮೆಣಸಿನಕಾಯಿ ಇರುವುದನ್ನೇ ಜನ ಮೊದಲು ತರಿಸುತ್ತಾರೆ. ಒಬ್ಬ ಹುಡುಗ ತನ್ನ ಗಲ್ಲಿಗೆ ನೀರು ಬಾರದಿರುವುದರ ಮೇಲೆ ಒಳ್ಳೆಯ ಹಾಡು ಕಟ್ಟಿದ್ದ. ಅದರಲ್ಲಿ ಒಂದೂ ಬೈಗುಳ ಇರಲಿಲ್ಲ, ಹೀಗಾಗಿ ಇ ಸಿಗಲಿಲ್ಲ, ಯಾರೂ ಕೇಳಲಿಲ್ಲ. ಅವನು ಅಳುಮೋರೆ ಮಾಡಿಕೊಂಡು ಬಂದು ಒಂದಾದರೂ ಸೇರಿಸೋಣ ಮಾವಶಿ ಎಂದ. ಕೊನೆಗೆ ನೀರಿನ ಟ್ಯಾಂಕರಿನ ತಾಯಿಯನ್ನು ಬೈದು ಇ ಗಿಟ್ಟಿಸಿದ. ಹಾಡು ಓಡಿತು. ಗಲ್ಲಿಗೆ ನೀರು ಬಂತೋ ಇಲ್ಲವೋ ಗೊತ್ತಿಲ್ಲ.

ಬೀಪ್ ಎಂಬುದನ್ನು ಸುಮ್ಮನೆ ಒತ್ತಿದರೆ ಆಗುವುದಿಲ್ಲ. ಮೊದಲ ಅಕ್ಷರ ಒಂದಿಷ್ಟು ಕೇಳಬೇಕು, ಇಲ್ಲದಿದ್ದರೆ ಲಯ ಮುರಿಯುತ್ತದೆ. ಕೊನೆಯ ಅಕ್ಷರ ಕೇಳಬಾರದು, ಕೇಳಿದರೆ ಮಕ್ಕಳು ಪೂರ್ತಿ ಮಾಡಿಕೊಳ್ಳುತ್ತಾರೆ. ಬೀಪ್ ಸಪ್ಪೆಯಾಯಿತು ಎಂದು ಒಮ್ಮೆ ಅಣ್ಣಾಸಾಹೇಬರು ಬೇರೆ ಬೇರೆ ಸದ್ದು ಹಾಕಿಸಿದರು. ಗೆಜ್ಜೆ, ರಿಕ್ಷಾದ ಹಾರ್ನು, ಕೊನೆಗೆ ಕುಕ್ಕರಿನ ಸೀಟಿ. ನನ್ನ ಅತ್ತೆಗೆ ನಾನು ಇನ್ನೂ ಅಭಂಗದ ಕಂಪನಿಯಲ್ಲಿದ್ದೇನೆ ಎಂದೇ ನಂಬಿಕೆ. ಕೆಳಗಿನ ಅಂಗಡಿಯಲ್ಲಿ ಆ ಹಾಡು ಹಚ್ಚಿದ್ದಾಗ ಕೇಳಿಸಿಕೊಂಡು ಬಂದು, "ಸುಮನ್, ನಿಮ್ಮ ಕಂಪನಿ ಹಾಡಿನಾಗ ಕುಕ್ಕರ್ ಅಷ್ಟು ಸಲ ಯಾಕ ಕೂಗ್ತದ? ಬ್ಯಾಳಿ ಹೊತ್ತಿ ಹೋಗಂಗಿಲ್ಲೇನು?" ಎಂದರು. ನಾನು, ಭಾಳ ಗಟ್ಟಿ ಬ್ಯಾಳಿರಿ ಅತ್ತಿ ಎಂದೆ.

ಈ ಕಸುಬಿನಲ್ಲಿ ನಾನು ಕಂಡ ದೊಡ್ಡ ಎಡವಟ್ಟು ಪ್ರಜ್ವಲನದು. ಪ್ರಜ್ವಲ ನಮ್ಮ ಮಿಕ್ಸಿಂಗ್ ಇಂಜಿನಿಯರ್, ಬೆಂಗಳೂರಿನವನು. ಐಟಿ ಕಂಪನಿಯ ನೌಕರಿ ಬಿಟ್ಟು ಸಂಗೀತಕ್ಕೆ ಬಂದವನು, ಆ ತ್ಯಾಗವನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದ. ಗಣಪತಿ ಹಬ್ಬಕ್ಕೆಂದು ಒಬ್ಬ ರ‍್ಯಾಪರ್ ತನ್ನ ಅಜ್ಜಿಯನ್ನು ನೆನೆದು ಹಾಡು ಮಾಡಿದ್ದ. ಅಜ್ಜಿಯ ಬಗ್ಗೆ ಪ್ರೀತಿ, ಅವಳನ್ನು ವಾಡೆಯಿಂದ ಎಬ್ಬಿಸಿದವರ ಬಗ್ಗೆ ಬೈಗುಳ. ನಾನು ಬೈಗುಳದ ಮೇಲೆಲ್ಲ ಬೀಪ್ ಕೂರಿಸಿ ಕೊಟ್ಟು ಮನೆಗೆ ಹೋದೆ. ಹಾಡು ಎಳೆಯುತ್ತಿದೆ ಎಂದು ಪ್ರಜ್ವಲ ಆಮೇಲೆ ಅದರ ವೇಗ ಹೆಚ್ಚಿಸಿದ. ಹಾಡು ಮುಂದೆ ಓಡಿತು, ಬೇರೆ ಟ್ರ್ಯಾಕಿನಲ್ಲಿದ್ದ ನನ್ನ ಬೀಪುಗಳು ಇದ್ದಲ್ಲೇ ಉಳಿದವು. ಅದನ್ನು ಯಾರೂ ಕೇಳಿ ನೋಡದೆ ಮೊಬೈಲಿಗೆ ಏರಿಸಿದರು.

ಈಗ ಬೈಗುಳಗಳೆಲ್ಲ ಸ್ವಚ್ಛವಾಗಿ ಕೇಳುತ್ತಿದ್ದವು. ಬೀಪು ಬಿದ್ದದ್ದು ಅಜ್ಜಿಯ ಮೇಲೆ, ಪುರಣಪೋಳಿಯ ಮೇಲೆ, ಅವಳ ಒಂಬತ್ತು ಗಜದ ಸೀರೆಯ ಮೇಲೆ. ಅಜ್ಜಿ ನನಗೆ ಬೀಪ್ ಮಾಡಿ ಬೀಪ್ ತಿನ್ನಿಸಿದಳು ಎಂದರೆ ಜನ ಏನೆಂದು ತಿಳಿಯಬೇಕು? ಊರೆಲ್ಲ ಅದೇ ಮಾತು. ಬೈಗುಳ ಕೇಳಿ ಬೇಜಾರಾದವರು ಒಬ್ಬರೂ ಸಿಗಲಿಲ್ಲ. ಆ ಅಜ್ಜಿ ಏನು ಮಾಡಿದಳು ಎಂದು ಕೇಳುವವರೇ ಎಲ್ಲ. ಒಂದು ಗಣಪತಿ ಮಂಡಳದವರು ಅಜ್ಜಿಯ ಮರ್ಯಾದೆ ತೆಗೆದಿರಿ ಎಂದು ಜಗಳಕ್ಕೆ ಬಂದರು.

ಪ್ರಜ್ವಲ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಮೇಡಂ, ನಾನು ಜಸ್ಟ್ ಟೆಂಪೋ ಸ್ವಲ್ಪ ಅಪ್ ಮಾಡ್ದೆ ಅಷ್ಟೇ. ಇಷ್ಟ್ ದೊಡ್ಡ ಇಶ್ಯೂ ಆಗತ್ತೆ ಅಂತ ಗೊತ್ತಿರ್ಲಿಲ್ಲ."

ಅಣ್ಣಾಸಾಹೇಬರು ಬೆಳಿಗ್ಗೆ ಅವನನ್ನು ಕೆಲಸದಿಂದ ತೆಗೆದರು. ಮಧ್ಯಾಹ್ನ ಎಷ್ಟು ಜನ ಹಾಡು ಕೇಳಿದ್ದಾರೆಂದು ನೋಡಿ ಮತ್ತೆ ತೆಗೆದುಕೊಂಡರು. ನಾನು ಮಾತ್ರ ಅಂದು ಒಂದು ಪಾಠ ಕಲಿತೆ. ಬೀಪಿನ ಕೆಳಗೆ ಏನಿದೆ ಎಂಬುದು ಮುಖ್ಯವಲ್ಲ. ಬೀಪ್ ಕೇಳಿದವರು ತಮಗೆ ಗೊತ್ತಿರುವುದನ್ನು ಅದರ ಕೆಳಗೆ ಇಟ್ಟುಕೊಳ್ಳುತ್ತಾರೆ.

ಈ ಪಾಠ ಉಪಯೋಗಕ್ಕೆ ಬಂದದ್ದು ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ಭಾಗೀರಥಿಯ ಹಾಡಿನಲ್ಲಿ.

ಭಾಗೀರಥಿ ಪುಣೆಯ ಬಿಬವೇವಾಡಿಯ ಹುಡುಗಿ. ಅಪ್ಪ ವಿಜಯಪುರದ ಕಡೆಯವನು, ಬಿಬವೇವಾಡಿಯ ಸಂತೆಬೀದಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಸಣ್ಣ ಅಂಗಡಿ ಇಟ್ಟವನು. ವೇದಿಕೆಯ ಮೇಲೆ ಅವಳ ಹೆಸರು ತೋಂಡಾಳ. ಬಾಯಿ ಜೋರಿದ್ದವಳಿಗೆ ಮರಾಠಿಯವರು ಬೈಯುವ ಮಾತು ಅದು. ಶಾಲೆಯಲ್ಲಿ ಟೀಚರು ಬೈದದ್ದನ್ನೇ ಹೆಸರು ಮಾಡಿಕೊಂಡಿದ್ದಳು. ಮೊದಲ ದಿನ ನಾನು ಗಂಡನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಹತ್ತಿರ ಬಂದಳು.

"ಮೌಶಿ, ನೀವು ನಮ್ಮ ಕಡೆಯವರೇನ್ರಿ? ಹಂಗಾದ್ರ ನನಗ ಭಾಳ ನಾಚಿಕಿ ಬರ್ತದರಿ. ನನ್ನ ಹಾಡಿನಾಗ ಹೊಲಸು ಮಾತು ಭಾಳ ಅವ."

"ನೀ ಚಿಂತಿ ಮಾಡಬ್ಯಾಡ. ನನ್ನ ಕಿವಿ ಎಂದೋ ಕೆಟ್ಟು ಹೋಗ್ಯಾವ" ಎಂದೆ.

ಅವಳು ನಮ್ಮ ಪೇಠದಲ್ಲೇ ರೂಮು ಮಾಡಿಕೊಂಡು ಕೆಲವು ವರ್ಷ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಿ ಬಿಟ್ಟವಳು. ಹಾಡು ಅದರ ಮೇಲೆಯೇ ಇತ್ತು. ಪ್ಲೈವುಡ್ ಹೊಡೆದು ಒಂದು ಕೋಣೆಯನ್ನು ನಾಲ್ಕು ಮಾಡಿದ ಮನೆಮಾಲೀಕರು, ನೀರಿನಂಥ ಬೇಳೆಯ ಮೆಸ್ಸು, ಊಟದ ಬದಲು ಚಹಾ, ಸೋರಿದ ಪ್ರಶ್ನೆಪತ್ರಿಕೆ, ಊರಿಗೆ ಹೋದರೆ ಇನ್ನೂ ಆಗಲಿಲ್ಲವೇ ಎಂದು ಕೇಳುವ ನೆಂಟರು. ಎಲ್ಲರಿಗೂ ಹೊಟ್ಟೆ ತುಂಬ ಬೈಗುಳ. ಆಮೇಲೆ ಹಾಡು ತಣ್ಣಗಾಗಿ ಕೋಚಿಂಗ್ ಕ್ಲಾಸಿನ ಸರ್ ಬರುತ್ತಾರೆ. ಬೀದಿಯಷ್ಟು ದೊಡ್ಡ ಫಲಕದಲ್ಲಿ ಸರ್ ನಗುತ್ತಾರೆ, ಎಲ್ಲ ಹುಡುಗಿಯರೂ ನನ್ನ ಮಕ್ಕಳು ಎನ್ನುತ್ತಾರೆ. ಅಲ್ಲಿಂದ ಕೊನೆಯ ಮೂರು ಸಾಲು. ಮರಾಠಿಯಲ್ಲಿದ್ದ ಅವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಮೂರನೆಯ ಮಹಡಿಗೆ ಬಾ ಎಂದ, ಡೌಟು ತೀರಿಸುತ್ತೇನೆ, ಒಬ್ಬಳೇ ಬಾ ಎಂದ.
ಬಾಗಿಲಿಗೆ ಚಿಲಕ ಹಾಕಿದ, ಫ್ಯಾನು ಜೋರು ಮಾಡಿದ.
ನನ್ನ ಗೆಳತಿ ಬರಿಗಾಲಲ್ಲಿ ಬಸ್ಸು ಹತ್ತಿದಳು, ಚಪ್ಪಲಿ ಇನ್ನೂ ಅಲ್ಲೇ ಇವೆ.

ಅಭ್ಯಾಸಬಲದಿಂದ ನನ್ನ ಕೈ ಬೀಪಿನ ಗುಂಡಿಯ ಮೇಲೆ ಹೋಗಿತ್ತು. ಒತ್ತಲು ಒಂದೂ ಶಬ್ದ ಸಿಗಲಿಲ್ಲ. ಹೆಡ್‌ಫೋನ್ ತೆಗೆದು ಕೇಳಿದೆ, "ಇದು ಖರೇನಾ?"

"ಖರೇರಿ ಮೌಶಿ. ಸುಜಾತಾ ಅಂತ, ಬಾರಾಮತಿಯಾಕಿ. ನನ್ನ ರೂಮಿನಾಗ ಇದ್ಲು. ಹೆಂಗೋ ಬಾಗಿಲಾ ತಗದು ಓಡಿ ಬಂದಾಳ. ಕ್ಲಾಸಿನ ಆಫೀಸಿಗೆ ಹೋಗಿ ಹೇಳಿದ್ರ, ಸರ್ ನಿಮಗ ತಂದಿ ಇದ್ದಂಗ, ನಿನ್ನ ತಲಿ ಕೆಟ್ಟದ ಅಂದ್ರು. ಊರಿಗೆ ಹೋದಾಕಿ ತಿರುಗಿ ಬರಲಿಲ್ಲ. ಈಗ ಆಕಿಗೇ ಅನಸ್ತದಂತ, ತಾನೇ ಏನರೆ ತಪ್ಪು ತಿಳಕೊಂಡೆನೇನೋ ಅಂತ." ಭಾಗೀರಥಿ ಮುಂದುವರಿಸಿದಳು. "ಹಾಡು ಬರಿಯೂ ಮುಂದ ಆಕಿನ್ನ ಕೇಳೇನ್ರಿ. ನನ್ನ ಹೆಸರು ಬ್ಯಾಡ, ಉಳಿದದ್ದು ಹೇಳು ಅಂದಾಳ. ಇನ್ನೊಬ್ಬಾಕಿ ಆ ಮೆಟ್ಟಲಾ ಹತ್ತಬಾರದು. ಅಷ್ಟರಿ ನನಗ ಬೇಕಾದದ್ದು."

ಸಂಜೆ ಅಣ್ಣಾಸಾಹೇಬರು ಕೇಳಲು ಕೂತರು. ಮೆಸ್ಸಿನವನ ತಾಯಿಯನ್ನು ಬೈದಾಗ ವಾಹ್ ಎಂದರು. ಪ್ರಶ್ನೆಪತ್ರಿಕೆ ಮಾರಿದವನ ತಂಗಿಯನ್ನು ಬೈದಾಗ ತೊಡೆ ತಟ್ಟಿದರು. ಕೊನೆಯ ಮೂರು ಸಾಲು ಮುಗಿದಾಗ ಊದಿನಕಡ್ಡಿಯ ಕಡೆ ತಿರುಗಿ ಕೂತಿದ್ದರು. ಕಾರಣ ನನಗೆ ಗೊತ್ತಿತ್ತು. ಆ ಕ್ಲಾಸಿನ ಜಾಹೀರಾತು ನಮ್ಮ ಎಲ್ಲ ವಿಡಿಯೋಗಳ ತಲೆಯ ಮೇಲೆ ಬರುತ್ತಿತ್ತು. ವಿದ್ಯಾರ್ಥಿಗಳ ಹಾಡು ಎಂದು ಕೇಳಿ ಸರ್ ಈ ವಿಡಿಯೋಕ್ಕೂ ತಮ್ಮ ಲಾಂಛನ ಕಳಿಸಿದ್ದರು, ಹಾಡು ಕೇಳದೆಯೇ.

"ಇದು ಅಶ್ಲೀಲ" ಎಂದರು ಅಣ್ಣಾಸಾಹೇಬರು.

"ಯಾವ ಶಬ್ದ, ಸಾಹೇಬ್?"

"ಶಬ್ದ ಎಂದಲ್ಲ ಸುಮನ್‌ಬಾಯಿ. ಒಟ್ಟಾರೆ."

"ಉಳಿದ ಬೈಗುಳಗಳು?"

"ಅವು ಕಲೆ. ಯುವಜನರ ಆಕ್ರೋಶ. ಒಂದನ್ನೂ ಮುಟ್ಟಬೇಡಿ, ಇ ಹೋಗುತ್ತದೆ."

ಭಾಗೀರಥಿ ಹಾಡನ್ನೇ ವಾಪಸು ಕೊಡಿ ಎಂದಳು. ಸಹಿ ಮಾಡಿದ ಮೇಲೆ ಹಾಡು ಕಂಪನಿಯದು ಎಂದು ಅವರು ತಿಳಿಸಿ ಹೇಳಿದರು. ಎದ್ದು ಹೋಗುವಾಗ ನನಗೆ, "ಆ ಮೂರು ಸಾಲು ಯಾರಿಗೂ ಕೇಳಿಸಬಾರದು. ಹೇಗೆ ಮಾಡುತ್ತೀರೋ ಅದು ನಿಮ್ಮ ಕೆಲಸ" ಎಂದರು.

ಅವರು ಹೋದ ಮೇಲೆ ಭಾಗೀರಥಿ ಅತ್ತಳು. ಜೋರು ಬಾಯಿಯ ಹುಡುಗಿ ಸದ್ದಿಲ್ಲದೆ ಅಳುವುದನ್ನು ನೋಡಿ ನನಗೆ ಭಾಳ ಸಂಕಟವಾಯಿತು. ಇಷ್ಟು ವರ್ಷ ಯಾರು ಯಾರದೋ ಉಗುಳು ಒರೆಸಿ ಅವರನ್ನು ಶುದ್ಧ ಮಾಡಿದವಳು ನಾನು. ಕ್ಲಾಸಿನ ಈ ಮನುಷ್ಯನನ್ನೂ ನನ್ನ ಕೈಯಿಂದಲೇ ಶುದ್ಧ ಮಾಡಬೇಕೆ ಎಂದು ಸಿಟ್ಟು ಬಂತು. ಆಗ ನೆನಪಾದದ್ದು ಗಣಪತಿ ಹಬ್ಬದ ಆ ಅಜ್ಜಿ.

"ಅಳಬ್ಯಾಡ, ಇಲ್ಲಿ ಕೇಳು. ಕತ್ತರಿಸಿ ತಗದೆ ಅಂದ್ರ ಅಲ್ಲಿ ಏನರೆ ಇತ್ತು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಬೀಪ್ ಹಾಕಿದೆ ಅಂದ್ರ, ಕೇಳಸಂಗಿಲ್ಲ ಖರೆ, ಆದ್ರ ಇತ್ತು ಅಂತ ಗೊತ್ತಾಗ್ತದ. ಅವರು ಹೇಳಿದ್ದು ಕೇಳಸಬಾರದು ಅಂತ. ಗೊತ್ತಾಗಬಾರದು ಅಂತ ಹೇಳಿಲ್ಲ."

ಅವಳು ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದಳು. "ಉದ್ದಾಗಿ ಹಾಕ್ರಿ ಮೌಶಿ" ಎಂದಳು.

ಹಾಗೆ ನನ್ನ ನೌಕರಿಯ ಅತಿ ಉದ್ದದ ಬೀಪ್ ತಯಾರಾಯಿತು. ಹಾಡಿನ ತುಂಬ ಬೈಗುಳಗಳನ್ನು ಕಲೆಯೆಂದು ತೆರೆದಿಟ್ಟು, ಎಲ್ಲ ಹುಡುಗಿಯರೂ ನನ್ನ ಮಕ್ಕಳು ಎಂದು ಸರ್ ಹೇಳಿದ ಮೇಲಿನ ಮೂರು ಸಾಲಿನ ಮೇಲೆ ಒಂದೇ ಎಳೆತ.

"ಮೇಡಂ, ಇದು ತುಂಬಾ ಲಾಂಗ್ ಆಯ್ತು. ಜನ ಸ್ಪೀಕರ್ ಹೋಯ್ತು ಅನ್ಕೋತಾರೆ" ಎಂದ ಪ್ರಜ್ವಲ.

"ಅನ್ಕೊಳ್ಳಲಿ. ನೀ ಮಾತ್ರ ಟೆಂಪೋ ಮುಟ್ಟಬ್ಯಾಡಪಾ" ಎಂದೆ.

ಅಣ್ಣಾಸಾಹೇಬರು ಕೇಳಿ ಮೆಚ್ಚಿದರು. ಒಂದು ಅಕ್ಷರವೂ ಕೇಳುವುದಿಲ್ಲ, ಇದಪ್ಪಾ ಕೆಲಸ ಎಂದರು. ಹಾಡು ಹೊರಬಂತು.

ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಹಾಡಿನ ಕೆಳಗೆ ಯಾರೋ ಒಬ್ಬರು, ಇಷ್ಟೆಲ್ಲ ಹೊಲಸು ಮಾತನ್ನು ಬಿಟ್ಟವರು ಮುಚ್ಚಿಟ್ಟದ್ದು ಇನ್ನೇನಿರಬಹುದು ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಒಬ್ಬ ಹುಡುಗಿ, ಏನಿದೆಯೋ ಗೊತ್ತಿಲ್ಲ, ನನ್ನ ಬೀಪ್ ಎರಡನೆಯ ಮಹಡಿಯಲ್ಲಿತ್ತು ಎಂದು ಬರೆದಳು. ಇನ್ನೊಬ್ಬಳು ತನ್ನದು ಅಭ್ಯಾಸಿಕೆಯಲ್ಲಿ ಎಂದಳು. ಅಭ್ಯಾಸಿಕೆ ಎಂದರೆ ನಮ್ಮಲ್ಲಿ ಬಾಡಿಗೆಗೆ ಕೂತು ಓದುವ ಕೋಣೆ. ಮತ್ತೊಬ್ಬಳದು ಬೇರೆ ಊರು, ಬೇರೆ ಕ್ಲಾಸು, ಬೇರೆ ಸರ್. ಯಾರೂ ಯಾರ ಹೆಸರನ್ನೂ ಬರೆಯಲಿಲ್ಲ, ಬರೆಯುವುದು ಬೇಕಾಗಲಿಲ್ಲ. ಪೇಠದ ಚಹಾದಂಗಡಿಗಳ ಮುಂದೆ ಹುಡುಗಿಯರು ನಿನ್ನ ಬೀಪ್ ಯಾವುದು ಎಂದು ಒಬ್ಬರಿಗೊಬ್ಬರು ಕೇಳತೊಡಗಿದರು. ಪ್ರವೇಶದ ಸಮಯ ಬೇರೆ. ಹಳ್ಳಿಗಳಿಂದ ಮಗಳನ್ನು ಕರೆತಂದ ಅಪ್ಪಂದಿರು ಆ ಕ್ಲಾಸಿನ ಕೌಂಟರಿಗೆ ಹೋಗಿ, ಸಾಹೇಬ್, ನಿಮ್ಮ ವಿಡಿಯೋದ ಬೀಪಿನಲ್ಲಿ ಏನಿದೆ ಎಂದು ವಿನಯದಿಂದ ಕೇಳುತ್ತಿದ್ದರು. ಲಾಂಛನ ಅವರದೇ ಇತ್ತಲ್ಲ.

ಒಂದು ಮಧ್ಯಾಹ್ನ ಅಣ್ಣಾಸಾಹೇಬರು ಸರ್ ಅವರನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು, ಎಲ್ಲರಿಗೂ ಬಾಳಾ ಬಾಳಾ, ಅಂದರೆ ಮಗೂ ಮಗೂ, ಎನ್ನುವ ಅಭ್ಯಾಸ. ಒಳಗೆ ನಾನು, ಪ್ರಜ್ವಲ, ಮುಂದಿನ ಹಾಡಿಗೆ ಬಂದಿದ್ದ ಭಾಗೀರಥಿ ಇದ್ದೆವು. ತಮ್ಮದೇ ಕ್ಲಾಸಿನಲ್ಲಿ ಓದಿದ ಅವಳ ಮುಖವನ್ನು ಸರ್ ಗುರುತಿಸಲಿಲ್ಲ. ಎಷ್ಟೋ ಸಾವಿರ ಮಕ್ಕಳು, ತಂದೆಗೆ ನೆನಪಿರುವುದು ಕಷ್ಟ.

ಅಣ್ಣಾಸಾಹೇಬರು ಹಾಡನ್ನೇ ತೆಗೆದುಬಿಡೋಣ ಎಂದರು.

"ತೆಗೆದರೆ ನಾನೇ ತೆಗೆಸಿದೆ ಎನ್ನುತ್ತಾರೆ" ಎಂದರು ಸರ್. "ಬೀಪ್ ತೆಗೆಯಿರಿ. ಕೆಳಗೆ ಏನಿದೆಯೋ ಅದನ್ನೇ ಕೇಳಿಸಿ. ಜನ ಕಲ್ಪಿಸಿಕೊಳ್ಳುತ್ತಿರುವುದಕ್ಕಿಂತ ಅದು ಕೆಟ್ಟದಾಗಿರಲಿಕ್ಕೆ ಸಾಧ್ಯವೇ ಇಲ್ಲ. ಮೊದಲು ನನಗೆ ಕೇಳಿಸಿ."

ನಾನು ಬೀಪಿನ ಟ್ರ್ಯಾಕ್ ಮುಚ್ಚಿ ಆ ಮೂರು ಸಾಲು ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅವರ ಮುಖದ ಮೇಲೆ ಬಂದದ್ದು ನೆಮ್ಮದಿ. ಅದನ್ನು ನಾನು ಸಾಯುವವರೆಗೆ ಮರೆಯಲಾರೆ. ಪರೀಕ್ಷೆಯಲ್ಲಿ ಪಾಸಾದವರ ಮುಖ ಹಾಗಿರುತ್ತದೆ.

"ಇಷ್ಟೇನಾ?" ಎಂದು ನಕ್ಕರು. "ಜನ ಏನೇನು ತಿಳಿದುಕೊಂಡಿದ್ದಾರೆ ನೋಡಿ ಅಣ್ಣಾಸಾಹೇಬ್. ಮೀ ತೇವಢಂಚ ಕೇಲಂ ಹೋತಂ." ನಾನು ಅಷ್ಟೇ ಮಾಡಿದ್ದು ಎಂದು ಅರ್ಥ. "ಆ ಬಾರಾಮತಿಯ ಹುಡುಗಿ ಸುಮ್ಮಸುಮ್ಮನೆ ಹೆದರಿದಳು."

ಅಣ್ಣಾಸಾಹೇಬರು ಚಹಾ ತರಿಸಲೇ ಎಂದು ಕೇಳಿದರು, ಪಾಪ, ಬೇರೆ ಏನೂ ತೋಚದೆ.

ಭಾಗೀರಥಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು: "ಸರ್, ಹಾಡಿನಲ್ಲಿ ಬಾರಾಮತಿ ಎಲ್ಲಿದೆ?"

ಆಗ ಸರ್ ಅವಳ ಮುಖವನ್ನು ಸರಿಯಾಗಿ ನೋಡಿದರು. ಚಹಾ ಬೇಡ, ತುರ್ತು ಲೆಕ್ಚರ್ ಇದೆ ಎಂದು ಎದ್ದರು. ಹಾಡಿನ ವಿಷಯ ನ್ಯಾಯವಾದಿಗಳನ್ನು ಕೇಳಿ ತಿಳಿಸುತ್ತೇನೆ ಎಂದರು. ಆದರೆ ಬೀಪ್ ತೆಗೆಯಿರಿ ಎಂದು ಅವರೇ ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು. ಪ್ರಾಯೋಜಕರ ಮಾತು ಮೀರುವ ಪದ್ಧತಿ ನಮ್ಮ ಕಂಪನಿಯಲ್ಲಿ ಇರಲಿಲ್ಲ. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಬೀಪ್ ಇಲ್ಲದ ಹಾಡನ್ನು ಪ್ರಜ್ವಲ ಏರಿಸಲು ಹಚ್ಚಿದ್ದ. ಅಣ್ಣಾಸಾಹೇಬರು ನೋಡುತ್ತ ನಿಂತಿದ್ದರು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಭಾಗೀರಥಿ ಅಲ್ಲಿಂದಲೇ ಸುಜಾತಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಅದನ್ನು ಕೇಳಿ ಸುಜಾತಾ, "ಅಂದರೆ ನನ್ನ ತಲೆ ಕೆಟ್ಟಿರಲಿಲ್ಲ" ಎಂದಳಂತೆ. ಮರುದಿನ ತಾಯಿಯ ಜೊತೆ ಬಾರಾಮತಿಯಿಂದ ಬಸ್ಸಿನಲ್ಲಿ ಬಂದಳು. ದೂರು ಅವಳದು. ಸಾಕ್ಷಿ ಹೇಳಲು ನಾವು ಹೋದೆವು. ಅಣ್ಣಾಸಾಹೇಬರಿಗೆ ಅಂದೇ ರಕ್ತದೊತ್ತಡ ಏರಿತು. ಪ್ರಜ್ವಲ ಬಂದ. "ಮೇಡಂ, ನನ್ನ ಮರಾಠಿ ಅಷ್ಟಕ್ಕಷ್ಟೇ. ಆದ್ರೆ ಆ ಒಂದು ಸೆಂಟೆನ್ಸ್ ಪೂರ್ತಿ ಅರ್ಥ ಆಯ್ತು" ಎಂದ. ಅವನ ಮೇಲೆ ನನಗಿದ್ದ ಅಜ್ಜಿಯ ಹಾಡಿನ ಸಿಟ್ಟೆಲ್ಲ ಅಂದು ಹೋಯಿತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಒಬ್ಬ ಮಹಿಳಾ ಅಧಿಕಾರಿ. ಸುಜಾತಾ ಪೂರ್ತಿ ಹೇಳಿ ಮುಗಿಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ತೆಳ್ಳಗಿನ ಹುಡುಗಿ, ತಾಯಿಯ ಸೆರಗು ಹಿಡಿದುಕೊಂಡು. ನನ್ನ ಸರದಿ ಬಂತು. ಏನು ಕೆಲಸ ಎಂದು ಅಧಿಕಾರಿ ಕೇಳಿದರು. ಹೊಲಸು ಮಾತಿನ ಮೇಲೆ ಬೀಪ್ ಹಾಕುವುದು ಎಂದೆ. ಅವರು ಧ್ವನಿ ಸಂಕಲನ ಎಂದು ಬರೆದುಕೊಂಡರು.

"ಅಂದು ಆ ವ್ಯಕ್ತಿ ನಿಮ್ಮೆದುರು ಅಶ್ಲೀಲ ಶಬ್ದ ಏನಾದರೂ ಬಳಸಿದರೇ?"

"ಇಲ್ಲ."

"ಬೈಗುಳ?"

"ಒಂದೂ ಇಲ್ಲ. ಭಾಳ ಸಭ್ಯರು, ಎಲ್ಲರಿಗೂ ಬಾಳಾ ಎನ್ನುತ್ತಾರೆ."

ಅಧಿಕಾರಿ ಕೀಲಿಮಣೆಯಿಂದ ಕೈ ತೆಗೆದು ತಲೆ ಎತ್ತಿದರು. "ಹಾಗಾದರೆ ಏನೆಂದರು?"

ನನ್ನ ಇಡೀ ನೌಕರಿಯಲ್ಲಿ ಅಷ್ಟು ಹೊಲಸು ಮಾತನ್ನು ನಾನು ಬೇರೆ ಕೇಳಿರಲಿಲ್ಲ. ಸರ್ ಎಲ್ಲಿ ನಕ್ಕರು, ಎಲ್ಲಿ ಉಸಿರು ತೆಗೆದುಕೊಂಡರು ಎಂಬುದು ಕೂಡ ಕಿವಿಯಲ್ಲಿತ್ತು. ಅದನ್ನು ಹಾಗೆಯೇ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಎಲ್ಲರಿಗೂ ಕೇಳುವಂತೆ ಹೇಳಿದೆ.